ಚಾ ಸೋಸುವ ಜಾಲರಿಯಿಂದ ಫೋಮ್ ಪೆಟ್ಟಿಗೆಯವರೆಗೆ: ಪುಟ್ಟ ವಿಮಾನದ ಇಂಜಿನ್‌ಗೆ ಏರ್ ಫಿಲ್ಟರ್ ಮಾಡಿದ್ದು

ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಇಂಜಿನ್ ಒಳಗೆ ಗಾಳಿ ಅದುಮಿಕೊಂಡು ಒಂದು ಕಡೆ ಬಂದು ಗಟ್ಟಿಯಾಗಿ ತಡೆಯಬೇಕು. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅದು ತಡೆಯಲೇ ಇಲ್ಲ. ಬಾವಿಯ ರಾಟೆ ತಿರುಗಿದ ಹಾಗೆ ಸಲೀಸಾಗಿ ತಿರುಗಿಬಿಟ್ಟಿತು. ಅವತ್ತು ಹಾರಿಸಲಿಲ್ಲ. ಗಾಡಿಗೆ ಹಾಕಿ ಮನೆಗೆ ತಂದೆ.

ವಿಮಾನ ಅಂದರೆ ಕೂತು ಹೋಗುವುದಲ್ಲ, ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವುದು. ರೆಕ್ಕೆಯ ತುದಿಯಿಂದ ತುದಿಗೆ 2.2 ಮೀಟರ್, ತೂಕ ಏಳು ಕಿಲೋ ಹತ್ತಿರ. ಒಳಗಿರುವುದು 35 ಸಿಸಿಯ ಟೂ ಸ್ಟ್ರೋಕ್ ಪೆಟ್ರೋಲ್ ಇಂಜಿನ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಹಿಂದುಗಡೆ, ಅದಕ್ಕೂ ಇಂಜಿನ್‌ಗೂ ನಡುವೆ ರೀಡ್ ವಾಲ್ವ್, ಅಂದರೆ ಒಳಗೆ ಮಾತ್ರ ಬಿಡುವ ತೆಳು ಎಲೆಯ ಬಾಗಿಲು. ನಾವು ನಾಲ್ಕೈದು ಜನ ಸೇರಿ ಹಾರಿಸುವುದು ಉಡುಪಿಯಿಂದ ಹಿರಿಯಡಕದ ಕಡೆ ಹೋಗುವಾಗ ಸಿಗುವ ಒಂದು ಪದವಿನಲ್ಲಿ, ಅಂದರೆ ಕೆಂಪು ಮುರಕಲ್ಲಿನ ಬಯಲಿನಲ್ಲಿ. ಮಳೆಗಾಲದಲ್ಲಿ ಹಸಿರು ಹುಲ್ಲು, ದೀಪಾವಳಿ ಕಳೆದ ಮೇಲೆ ಬರೀ ಮುರಕಲ್ಲಿನ ಹುಡಿ. ವಿಮಾನ ಓಡಿ ಏಳುವಾಗ ಹಿಂದೆ ಕೆಂಪು ಧೂಳಿನ ಬಾಲ ಏಳುತ್ತದೆ. ಫೋಟೋದಲ್ಲಿ ಚಂದ ಕಾಣುತ್ತದೆ.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು. ಕಾರ್ಬೊರೇಟರ್ ಬಾಯಿಗೆ ಬೆರಳು ಹಾಕಿ ಒರೆಸಿದೆ. ಬೆರಳ ತುದಿಗೆ ಕೆಂಪು ಲೇಪ ಬಂತು. ಕುಂಕುಮಕ್ಕೆ ಎಣ್ಣೆ ಕಲಸಿದ ಹಾಗೆ. ಎರಡು ಬೆರಳ ನಡುವೆ ಉಜ್ಜಿದರೆ ಕರಕರ ಅನ್ನುತ್ತಿತ್ತು. ಆ ಕರಕರ ಅಂದರೆ ಮಣ್ಣಿನಲ್ಲಿರುವ ಸಣ್ಣ ಮರಳಿನ ಕಣ. ಅದು ಪಿಸ್ಟನ್ ರಿಂಗಿನ ಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆ ಜೊತೆ ಸೇರಿತೋ, ಗ್ರೈಂಡಿಂಗ್ ಪೇಸ್ಟ್ ರೆಡಿ.

ಟೂ ಸ್ಟ್ರೋಕ್ ಇಂಜಿನ್‌ಗೆ ಇದು ಜಾಸ್ತಿ ಪೆಟ್ಟು. ಒಳಗೆ ಬಂದ ಗಾಳಿ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ ಕೆಳಗಿನ ಕೋಣೆ, ಅಲ್ಲಿ ಬೇರಿಂಗ್‌ಗಳಿಗೆಲ್ಲ ಸವರಿಕೊಂಡು ಆಮೇಲೆ ಮೇಲೆ. ಅಂದರೆ ಧೂಳು ಮನೆಯೆಲ್ಲ ಸುತ್ತಿ ಹೊರಗೆ ಹೋಗುತ್ತದೆ. ಹಳೆಯ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಅದರ ಬಾಯಿ ಎಷ್ಟು ತೆರೆದಿದೆ ಅಂತ ಫೀಲರ್ ಗೇಜಿನಲ್ಲಿ ಅಳೆದೆ: 0.6 ಮಿ.ಮೀ. ಹೊಸ ರಿಂಗ್ ಇಟ್ಟಾಗ 0.2. ಪುಣ್ಯಕ್ಕೆ ಸಿಲಿಂಡರಿನ ಗೋಡೆ ಉಗುರಿಗೆ ತಾಗುವಷ್ಟು ಹಾಳಾಗಿರಲಿಲ್ಲ. ಬೇರಿಂಗ್ ತೊಳೆದೆ, ರಿಂಗ್ ಬದಲಿಸಿದೆ, ಗ್ಯಾಸ್ಕೆಟ್ ಹೊಸತು ಹಾಕಿದೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಇಂಥ ಇಂಜಿನ್‌ಗಳು ಫಿಲ್ಟರ್ ಇಲ್ಲದೆಯೇ ಬರುತ್ತವೆ. ಕಾರಣ ಇಲ್ಲದಿಲ್ಲ. ಮೇಲೆ ಹೋದ ಮೇಲೆ ಗಾಳಿ ಸ್ವಚ್ಛ, ತೂಕ ಉಳಿಯುತ್ತದೆ, ಹುಲ್ಲುಹಾಸಿನ ಅಥವಾ ಟಾರಿನ ರನ್‌ವೇ ಇದ್ದವರಿಗೆ ತೊಂದರೆಯೇ ಇಲ್ಲ. ನಮ್ಮ ಪದವಿನಲ್ಲಿ ಹಾಗಲ್ಲ. ಒಂದು ಹಾರಾಟ ಹತ್ತು ನಿಮಿಷ ಅಂದುಕೊಂಡರೆ ಧೂಳು ಕುಡಿಯುವುದು ಸ್ಟಾರ್ಟ್ ಮಾಡಿ ಏಳುವವರೆಗಿನ ಎರಡು ಮೂರು ನಿಮಿಷ, ಇಳಿದ ಮೇಲೆ ಒಂದು ನಿಮಿಷ. ಅಷ್ಟೇ ಸಾಕಾಯಿತು.

ಮೊದಲ ಪ್ರಯತ್ನ ಚಾ ಸೋಸುವ ಜಾಲರಿ. ಅಡುಗೆಮನೆಯಲ್ಲಿ ಎರಡಿದ್ದವು, ಒಂದನ್ನು ನಾನು ತೆಗೆದುಕೊಂಡೆ. ಸ್ಟೀಲ್ ಜಾಲರಿ, ಕಣ್ಣು ಸಣ್ಣ, ತುಕ್ಕು ಹಿಡಿಯುವುದಿಲ್ಲ. ನಮ್ಮ ಉಪ್ಪು ಗಾಳಿಗೆ ಅದೇ ದೊಡ್ಡ ಸಂಗತಿ. ಗುಂಡಗೆ ಕತ್ತರಿಸಿ ಕಾರ್ಬೊರೇಟರ್ ಬಾಯಿಗೆ ನೇರ ಒತ್ತಿ, ಸುತ್ತ ಎಪಾಕ್ಸಿ ಹಾಕಿದೆ. ಅರ್ಧ ಗಂಟೆಯ ಕೆಲಸ. ಬಹಳ ಖುಷಿ ಆಯಿತು.

ಸ್ಟಾರ್ಟ್ ಮಾಡಿ, ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದರೆ ಖುಷಿ ಇಳಿಯಿತು. ಏನೂ ಇಲ್ಲದೆ ಫುಲ್ ಥ್ರಾಟಲಿನಲ್ಲಿ 6,900 ಆರ್‌ಪಿಎಂ ಬರುತ್ತಿದ್ದ ಇಂಜಿನ್ 6,300ಕ್ಕೆ ನಿಂತಿತು. ಜೊತೆಗೆ ಹೊಗೆ, ಗೊರಗೊರ ಸದ್ದು. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. (ಟ್ಯಾಕೋಮೀಟರ್ ಬಗ್ಗೆ ಒಂದು ಮಾತು. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಅದು ಇಂಜಿನ್ ಓಡದಿದ್ದರೂ 3,000 ತೋರಿಸುತ್ತದೆ. ನಮ್ಮ ಕರೆಂಟಿನಲ್ಲಿ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಎರಡು ಎಲೆಯ ಪ್ರೊಪೆಲ್ಲರ್ ಅಂತ ಅದು ಲೆಕ್ಕ ಹಾಕುತ್ತದೆ. ಉಪಕರಣ ಸರಿ ಇದೆಯಾ ಅಂತ ನೋಡಲು ಇದೇ ಒಳ್ಳೆಯ ಉಪಾಯ.)

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಸ್ಕೇಲ್ ಇಟ್ಟು ಎಣಿಸಿದರೆ ಹತ್ತು ಮಿ.ಮೀ.ಗೆ 12 ತಂತಿ. ತಂತಿಯ ದಪ್ಪ 0.25. ಅಂದರೆ ಒಂದೊಂದು ಕಣ್ಣು 0.58 ಮಿ.ಮೀ. ಚೌಕ. ತೆರೆದ ಜಾಗ ಎಷ್ಟು ಅಂತ ನೋಡಿದರೆ ನೂರಕ್ಕೆ 49. ಅರ್ಧಕ್ಕರ್ಧ ತಂತಿಗೇ ಹೋಯಿತು! ಬಾಯಿ 16 ಮಿ.ಮೀ. ಇದ್ದದ್ದು ಲೆಕ್ಕಕ್ಕೆ 11 ಮಿ.ಮೀ. ಆದ ಹಾಗೆ. ಅತ್ತ ಇಂಜಿನ್‌ಗೆ ಬೇಕಾದ ಗಾಳಿ ಎಷ್ಟು? ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಒಮ್ಮೆ ಉಸಿರೆಳೆಯುತ್ತದೆ. 35 ಸಿಸಿಯನ್ನು 6,900ರಿಂದ ಗುಣಿಸಿದರೆ ನಿಮಿಷಕ್ಕೆ 240 ಲೀಟರ್. ನಿಜದಲ್ಲಿ ಸ್ವಲ್ಪ ಕಮ್ಮಿ ಹೋಗುತ್ತದೆ, ಆದರೂ ಮಲ್ಪೆಯ ದೋಣಿಯವರ ಡೀಸೆಲ್ ಡ್ರಮ್ಮು ಕಣ್ಣ ಮುಂದೆ ತಂದುಕೊಳ್ಳಿ. ಅಷ್ಟು ಗಾಳಿ, ಒಂದು ನಿಮಿಷಕ್ಕೆ, ಹೆಬ್ಬೆರಳು ಗಾತ್ರದ ತೂತಿನಲ್ಲಿ.

ಕಾರ್ಬೊರೇಟರಿನ ಸೂಜಿ ತಿರುಗಿಸಿ ಪೆಟ್ರೋಲ್ ಕಮ್ಮಿ ಮಾಡಿದೆ, 6,500 ಬಂತು, ಸಾಕು ಅಂತ ಹಾರಿಸಿದೆ. ತಪ್ಪು ಮಾಡಿದ್ದು ಇಲ್ಲಿ.

ಮೂರನೇ ವಾರ ಇಂಜಿನ್ ಐಡಲಿನಲ್ಲಿ ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್ ಉಗುಳತೊಡಗಿತು. ಸ್ಟಾರ್ಟ್ ಮಾಡುವುದೂ ಕಷ್ಟ. ರೀಡ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಅಂತ ಅರ್ಥ. ಬಿಚ್ಚುವಾಗ ಜಾಲರಿಯ ಮೇಲೆ ಕಣ್ಣು ಹೋಯಿತು. ನಡುವೆ ಒಂದು ಕಿಂಡಿ. ಎರಡು ಸಣ್ಣ ತಂತಿ ತುಂಡು ಮಾಯ. ಒಂದು ರೀಡ್ ಎಲೆಯ ಕೆಳಗೆ ಅಡ್ಡ ಕೂತಿತ್ತು, ಟ್ವೀಜರಿನಲ್ಲಿ ತೆಗೆದೆ. ಅಕ್ಕಿಯ ನುಚ್ಚಿನಷ್ಟು ಉದ್ದ. ಇನ್ನೊಂದು ಸಿಗಲೇ ಇಲ್ಲ. ಪಿಸ್ಟನ್ ತಲೆಯ ಮೇಲೆ ಒಂದು ಚುಕ್ಕಿಯಂಥ ಗುಳಿ ಇತ್ತು, ಬಹುಶಃ ಅದೇ ದಾರಿಯಲ್ಲಿ ಸೈಲೆನ್ಸರ್ ಮೂಲಕ ಹೊರಟುಹೋಗಿರಬೇಕು.

ಅಡುಗೆಮನೆಯಲ್ಲಿ ಆ ಜಾಲರಿ ಹತ್ತು ವರ್ಷ ಬಾಳುತ್ತಿತ್ತು. ಇಂಜಿನ್ ಮೇಲೆ ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸಲ ನಡುಗಿ ನಡುಗಿ ತಂತಿ ಸುಸ್ತಾಗಿ ಮುರಿಯಿತು. ಧೂಳು ತಡೆಯಲು ಹೋಗಿ ಉಕ್ಕಿನ ತುಂಡನ್ನೇ ಒಳಗೆ ಕಳಿಸಿದ್ದೆ. ಅಷ್ಟಾಗಿಯೂ ಕಾರ್ಬೊರೇಟರ್ ಬಾಯಿಯಲ್ಲಿ ಅದೇ ಕೆಂಪು ಲೇಪ. ಅರ್ಧ ಮಿ.ಮೀ. ಕಣ್ಣಿನಲ್ಲಿ ಕಲ್ಲು, ಹುಲ್ಲುಕಡ್ಡಿ ನಿಲ್ಲುತ್ತವೆ. ಹುಡಿ ನಿಲ್ಲುವುದಿಲ್ಲ. ಜಾಲರಿ ಬೇರೆ, ಫಿಲ್ಟರ್ ಬೇರೆ.

ಕಾರ್ಬೊರೇಟರ್ ಹಿಡಿದುಕೊಂಡು ಬ್ರಹ್ಮಾವರದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ರಿಪೇರಿ ಮಾಡುವವರ ಹತ್ತಿರ ಹೋದೆ. ಅಡಿಕೆ ತೋಟದವರ ಮೆಷಿನ್‌ಗಳೆಲ್ಲ ಅವರಲ್ಲಿಗೇ ಬರುವುದು. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಎಂತ ಮಾರಾಯ್ರೆ, ಇದು ನಮ್ಮ ಹುಲ್ಲಿನ ಮೆಷಿನಿನದ್ದೇ ಜಾತಿ ಅಲ್ವಾ?"

"ಹೌದಣ್ಣ, ಸ್ವಲ್ಪ ದೊಡ್ಡದು. ವಿಮಾನದ್ದು."

"ವಿಮಾನವೋ ಎಂತದೋ. ಫಿಲ್ಟರ್ ಎಲ್ಲಿ ಉಂಟು ಇದಕ್ಕೆ? ಫಿಲ್ಟರ್ ಇಲ್ಲದೆ ನಾವು ಮೆಷಿನ್ ಹೊರಗೆ ಕೊಡುವುದೇ ಇಲ್ಲ."

ನಾಚಿಕೆಯಾಯಿತು. ಅವರೇ ಒಂದು ಹಳೆಯ ಮೆಷಿನಿನ ಫಿಲ್ಟರ್ ಮನೆ ಬಿಚ್ಚಿ ತೋರಿಸಿದರು. ಫೋಮ್ ಕಾರ್ಬೊರೇಟರ್ ಬಾಯಿಗೆ ಅಂಟಿಕೊಂಡಿಲ್ಲ. ನಡುವೆ ಖಾಲಿ ಜಾಗ ಇದೆ. ನಾನು ಹಿಂದಿನ ದಿನ ತಾನೇ ಫೋಮಿನ ಟೊಪ್ಪಿ ಹೊಲಿದು ಬಾಯಿಗೆ ಹಾಕಿ ನೋಡಿದ್ದೆ. ಇಂಜಿನ್ ಹಿಂದಕ್ಕೆ ಉಗುಳುವ ಪೆಟ್ರೋಲ್ ಕುಡಿದು ಹತ್ತು ನಿಮಿಷದಲ್ಲಿ ಅದು ಇಡ್ಲಿ ಬಟ್ಟೆಯ ಹಾಗೆ ತೊಯ್ದು ಹೋಗಿತ್ತು. ಚೋಕ್ ತೆರೆದರೆ ಚೋಕಿನ ತಟ್ಟೆಯ ಅರ್ಧ ಹೊರಗೆ ಚಾಚಿ ಫೋಮಿಗೆ ಸಿಕ್ಕಿಕೊಳ್ಳುತ್ತಿತ್ತು. ಪೆಟ್ಟಿಗೆ ಬೇಕು ಅಂತ ಅಲ್ಲೇ ತೀರ್ಮಾನ ಆಯಿತು.

ಪೆಟ್ಟಿಗೆಗೆ ಫೈಬರ್‌ಗ್ಲಾಸ್. ಮಲ್ಪೆಯಲ್ಲಿ ದೋಣಿಗೆ ಫೈಬರ್ ಕೆಲಸ ಮಾಡುವವರ ಹತ್ತಿರ ಒಂದು ಡಬ್ಬಿ ರೆಸಿನ್, ತುಂಡು ಮ್ಯಾಟ್ ತಂದೆ. ಥರ್ಮೋಕೋಲಿನಲ್ಲಿ ಅಚ್ಚು ಕೊರೆದು ಮೇಲೆ ರೆಸಿನ್ ಬಳಿದೆ. ಎರಡು ನಿಮಿಷ ಆಗಿಲ್ಲ, ಅಚ್ಚು ಬಿಸಿ ದೋಸೆಯ ಮೇಲಿನ ಬೆಣ್ಣೆಯ ಹಾಗೆ ಕುಸಿಯಿತು. ದೋಣಿಯ ಪಾಲಿಯೆಸ್ಟರ್ ರೆಸಿನಿನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮೋಕೋಲನ್ನು ಕರಗಿಸುತ್ತದೆ. ಎರಡನೇ ಅಚ್ಚಿಗೆ ಪಾರ್ಸೆಲಿನ ಕಂದು ಟೇಪ್ ಪೂರ್ತಿ ಸುತ್ತಿ, ಮೇಲೆ ಮೇಣ ಸವರಿ, ಆಮೇಲೆ ಮೂರು ಪದರ ಹಾಕಿದೆ. ಮರುದಿನ ಒಳಗಿನ ಥರ್ಮೋಕೋಲನ್ನು ಚಾಕುವಿನಲ್ಲಿ ಕೆರೆದು ತೆಗೆದೆ. ಒಳಗಿನ ಅಳತೆ 60 ಬೈ 45, ಆಳ 30 ಮಿ.ಮೀ. ಅಂದರೆ 81 ಸಿಸಿ, ಇಂಜಿನ್ನಿನ ಎರಡು ಉಸಿರಿಗಿಂತ ಸ್ವಲ್ಪ ಜಾಸ್ತಿ ಜಾಗ. ಇದಕ್ಕಿಂತ ದೊಡ್ಡದು ಇಂಜಿನ್ ಮುಚ್ಚುವ ಹೊದಿಕೆಯ, ಅಂದರೆ ಕೌಲಿಂಗಿನ, ಒಳಗೆ ಹಿಡಿಸುವುದಿಲ್ಲ.

ಗಾತ್ರದ ಈ ಜಗಳ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿಗೆ ಹೋದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ಗಳ ಚಿತ್ರ ನೋಡಿ. ಮೂತಿಯ ಕೆಳಗೆ ದೊಡ್ಡ ಗದ್ದ ಇಳಿಬಿದ್ದಿರುತ್ತದೆ. ಅದು ವೋಕ್ಸ್ ಫಿಲ್ಟರ್. ಇಂಜಿನ್ ಉಳಿಯಿತು, ವೇಗ ಇಳಿಯಿತು. ಕೊನೆಗೆ ಈಜಿಪ್ಟಿನ ಅಬೂಕಿರ್‌ನಲ್ಲಿದ್ದ ರಿಪೇರಿ ಘಟಕದವರು ಚಿಕ್ಕದಾದ ಬೇರೆ ಫಿಲ್ಟರನ್ನು ತಾವೇ ಮಾಡಿ ಕೂರಿಸಿದರು. ನನಗೆ ಆ ವರ್ಕ್‌ಶಾಪಿನವರ ಮೇಲೆ ವಿಶೇಷ ಅಭಿಮಾನ.

ಫೋಮ್ ಹಿಂದೆ ಆಧಾರಕ್ಕೆ ಏನಾದರೂ ಬೇಕು, ಇಲ್ಲದಿದ್ದರೆ ಎಳೆತಕ್ಕೆ ಅದು ಒಳಗೆ ಬಾಗುತ್ತದೆ. ಇಂಜಿನ್ ಕಡೆ ಇನ್ನು ತಂತಿ ಬೇಡ ಅಂತ ಶಪಥ ಮಾಡಿದ್ದೆ. 1 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ 3 ಮಿ.ಮೀ. ತೂತುಗಳನ್ನು ಕೊರೆದೆ, ಸಾಲಿಗೆ 12, ಒಂಬತ್ತು ಸಾಲು. ಒಂದೇ ತುಂಡು, ಬಿಟ್ಟುಹೋಗಲು ಏನೂ ಇಲ್ಲ. ಡ್ರಿಲ್ ಸದ್ದು ಕೇಳಿ ಕೇಳಿ ಅಮ್ಮ ಬಂದು ನೋಡಿದರು. "ಎಷ್ಟು ತೂತು?" "108." "ಜಪ ಮಾಡುತ್ತಾ ಕೊರೆದರೆ ಪುಣ್ಯವಾದರೂ ಬರುತ್ತಿತ್ತು" ಅಂದು ಹೋದರು. ಜಾಲರಿಯ ವಿಷಯ ಅವರಿನ್ನೂ ಮರೆತಿರಲಿಲ್ಲ. ಕೊರೆದ ಮೇಲೆ ಪ್ರತಿ ತೂತಿನ ಎರಡೂ ಬದಿ ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಚೂಪು ತೆಗೆದೆ, ಸೋಪು ನೀರಲ್ಲಿ ತೊಳೆದೆ. ಈ ಕೆಲಸ ಬೇಸರದ್ದು, ಆದರೆ ಬಿಡಬೇಡಿ. ಅಲ್ಯೂಮಿನಿಯಂ ಚೂರು ಒಂದು ಉಳಿದರೂ ಹೋಗುವುದು ಇಂಜಿನ್ನಿಗೇ. 108 ತೂತು ಸೇರಿ 760 ಚದರ ಮಿ.ಮೀ. ಕಾರ್ಬೊರೇಟರ್ ಬಾಯಿ 200. ಮೂರು ಮುಕ್ಕಾಲು ಪಟ್ಟು ಜಾಗ.

ಫೋಮ್ ತಂದದ್ದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ, ಫಿಲ್ಟರಿಗೆಂದೇ ಮಾರುವ 12 ಮಿ.ಮೀ. ದಪ್ಪದ್ದು. ಪಾತ್ರೆ ತೊಳೆಯುವ ಸ್ಪಂಜು, ಪ್ಯಾಕಿಂಗ್ ಸ್ಪಂಜು ಆಗುವುದಿಲ್ಲ. ಬಾಯಿಟ್ಟು ಊದಿ ನೋಡಿ: ಫಿಲ್ಟರ್ ಫೋಮಿನಲ್ಲಿ ಉಸಿರು ಸರಾಗ ಹೋಗುತ್ತದೆ. ಅದರ ಕಣ್ಣು ದೊಡ್ಡದೇ. ಧೂಳು ಹಿಡಿಯುವುದು ಕಣ್ಣಲ್ಲ, ಎಣ್ಣೆ. ಗಾಳಿ ಒಳಗೆ ಸುತ್ತಿ ಬಳಸಿ ಹೋಗುವಾಗ ಕಣ ಎಲ್ಲಾದರೂ ಗೋಡೆಗೆ ತಾಗುತ್ತದೆ, ಅಂಟಿಕೊಳ್ಳುತ್ತದೆ. ಎಣ್ಣೆ ಹಾಕದ ಫೋಮ್ ಹಾಕಿದರೆ ಹಾಕದ ಹಾಗೆಯೇ. ಇಂಜಿನ್ ಆಯಿಲ್ ಎರಡು ಚಮಚ ಹಾಕಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಿಸುಕಿ, ಆಮೇಲೆ ಹಳೆಯ ಬಟ್ಟೆಯಲ್ಲಿ ಒತ್ತಿ ಹಿಂಡಿದೆ. ಬೆರಳಿಗೆ ಅಂಟಬೇಕು, ತೊಟ್ಟಿಕ್ಕಬಾರದು.

ಹೊರಗಿನ ಬದಿಗೆ ಮಾತ್ರ ದಪ್ಪ ತಂತಿಯ ದೊಡ್ಡ ಕಣ್ಣಿನ ಜಾಲರಿ, ಕಲ್ಲಿಗೆ ಮತ್ತು ಹುಲ್ಲಿಗೆ. ಅದು ಮುರಿದರೂ ತುಂಡು ಫೋಮಿನಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯ ಮುಖವನ್ನು ಮುಂದಕ್ಕೆ ಇಡದೆ ಹಿಂದಕ್ಕೆ ತಿರುಗಿಸಿದೆ. ಪ್ರೊಪೆಲ್ಲರ್ ಎಬ್ಬಿಸಿದ ಭಾರದ ಕಣ ಗಾಳಿಯ ಜೊತೆ ತಟ್ಟನೆ ತಿರುಗಲಾರದೆ ನೇರ ಹೋಗಿಬಿಡುತ್ತದೆ. ಅಂಚುಗಳಿಗೆಲ್ಲ ಗ್ರೀಸ್ ಸವರಿದೆ. ಫೋಮಿನ ಮೂಲಕ ಬರುವುದಕ್ಕಿಂತ ಪಕ್ಕದ ಸಂದಿಯಿಂದ ನುಸುಳುವ ಧೂಳೇ ಜಾಸ್ತಿ.

ಇಷ್ಟೆಲ್ಲ ಆದ ಮೇಲೂ ಇಂಜಿನ್ ಸರಿ ಓಡಲಿಲ್ಲ. ನೆಲದ ಮೇಲೆ 6,800, ಚೆನ್ನಾಗಿದೆ. ಮೇಲೆ ಹೋದ ಮೇಲೆ ವೇಗ ಹಿಡಿದಾಗ ಒಮ್ಮೆ ತೆಳು ಸದ್ದು, ಒಮ್ಮೆ ಗೊರಗೊರ. ಎರಡು ವಾರ ತಲೆ ಕೆಡಿಸಿಕೊಂಡೆ. ಕಾರಣ ಸಿಕ್ಕಿದ್ದು ಕಾರ್ಬೊರೇಟರಿನ ಇನ್ನೊಂದು ಬದಿಯಲ್ಲಿ, ಸೂಜಿ ಮೊನೆಯಷ್ಟು ಸಣ್ಣ ತೂತಿನಲ್ಲಿ.

ಈ ಬಗೆಯ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇಲ್ಲ, ರಬ್ಬರಿನ ತೆಳು ಪರದೆ, ಡಯಾಫ್ರಮ್, ಇದೆ. ಡಯಾಫ್ರಮಿನ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಮುಚ್ಚಳದ ತೂತಿನಿಂದ ಬರುವ ಹೊರಗಾಳಿ. ಹೊರಗಾಳಿಯ ಒತ್ತಡಕ್ಕೂ ಬಾಯಿಯ ಎಳೆತಕ್ಕೂ ಇರುವ ಅಂತರ ನೋಡಿಯೇ ಅದು ಪೆಟ್ರೋಲ್ ಬಿಡುವುದು. ಈಗ ಬಾಯಿ ಪೆಟ್ಟಿಗೆಯೊಳಗೆ, ತೂತು ಮಾತ್ರ ಕೌಲಿಂಗಿನ ಸುಂಟರಗಾಳಿಯಲ್ಲಿ. ಅಲ್ಲಿ ಒತ್ತಡ ವಿಮಾನದ ವೇಗದ ಜೊತೆ ಏರಿಳಿಯುತ್ತದೆ, ಪೆಟ್ರೋಲ್ ಅದರ ಹಿಂದೆ ಕುಣಿಯುತ್ತದೆ. ಮೇಲಾಗಿ ಫಿಲ್ಟರಿಗೆ ಧೂಳು ಕಟ್ಟಿದಂತೆ ಬಾಯಿಯ ಎಳೆತ ಜಾಸ್ತಿ ಆಗಿ ಪೆಟ್ರೋಲ್ ಇನ್ನೂ ಜಾಸ್ತಿ ಬರುತ್ತದೆ.

ಪರಿಹಾರ: ಬಾಯಿ, ತೂತು ಎರಡೂ ಒಂದೇ ಕೋಣೆಯ ಗಾಳಿ ನೋಡಬೇಕು. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ, ಡಯಾಫ್ರಮ್ ದೂರ ಇಟ್ಟು, ತೂತಿನ ಮೇಲೆ 3 ಮಿ.ಮೀ. ಹಿತ್ತಾಳೆ ಕೊಳವೆಯ ತುಂಡನ್ನು ಬೆಸುಗೆ ಹಾಕಿದೆ. ತೂತು ಮುಚ್ಚಿಹೋಗದಂತೆ ಬೆಸುಗೆ ಹಾಕುವಾಗ ಒಳಗೆ ಪೆನ್ಸಿಲಿನ ಕಪ್ಪು ಕಡ್ಡಿ ತೂರಿಸಿಟ್ಟಿದ್ದೆ, ಅದಕ್ಕೆ ಬೆಸುಗೆ ಅಂಟುವುದಿಲ್ಲ. ಕೊಳವೆಗೆ ಸಿಲಿಕಾನ್ ಪೈಪ್, ಪೈಪಿನ ಇನ್ನೊಂದು ತುದಿ ಫಿಲ್ಟರ್ ಪೆಟ್ಟಿಗೆಯೊಳಗೆ, ಫೋಮಿನ ಒಳಬದಿಗೆ. ದೊಡ್ಡವರದ್ದೂ ಇದೇ ದಾರಿ. ಲಘು ವಿಮಾನಗಳಲ್ಲಿ ಹೆಸರಾದ ರೋಟ್ಯಾಕ್ಸ್ 912 ಇಂಜಿನ್ನಿಗೆ ಇಂಥದೇ ಗಾಳಿ ಪೆಟ್ಟಿಗೆ, ಅಂದರೆ ಏರ್‌ಬಾಕ್ಸ್ ಹಾಕಿದಾಗ ಕಾರ್ಬೊರೇಟರ್‌ಗಳ ಫ್ಲೋಟ್ ಕೋಣೆಯ ಉಸಿರು ಕೊಳವೆಗಳನ್ನು ಏರ್‌ಬಾಕ್ಸಿಗೇ ಜೋಡಿಸುತ್ತಾರೆ. ಇದನ್ನು ಓದಿದ ಮೇಲೆಯೇ ನನಗೆ ದೀಪ ಹತ್ತಿದ್ದು.

ಅವತ್ತಿನಿಂದ ಮೇಲೆ, ಕೆಳಗೆ, ತಿರುಗುವಾಗ ಎಲ್ಲ ಒಂದೇ ಸದ್ದು.

ದೊಡ್ಡ ವಿಮಾನದಿಂದ ಕಲಿತ ಇನ್ನೆರಡು ಸಂಗತಿ ಪದವಿನಲ್ಲಿ ಉಪಯೋಗಕ್ಕೆ ಬಂದವು. ಸೆಸ್ನಾದಂಥ, ಜನ ಕೂತು ಹೋಗುವ ವಿಮಾನಗಳಲ್ಲಿ ಕಾರ್ಬೊರೇಟರಿನಲ್ಲಿ ಮಂಜು ಕಟ್ಟದಂತೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಇರುತ್ತದೆ. ಆ ಬಿಸಿಗಾಳಿ ಸಾಮಾನ್ಯವಾಗಿ ಫಿಲ್ಟರ್ ದಾಟಿ ಬರುವುದಿಲ್ಲ. ಅದಕ್ಕೇ ಧೂಳಿನ ನೆಲದ ಮೇಲೆ ಅದನ್ನು ಸುಮ್ನೆ ಎಳೆದಿಡಬೇಡಿ ಅಂತ ಪೈಲಟ್‌ಗಳಿಗೆ ಹೇಳಿಕೊಡುತ್ತಾರೆ. ನಮ್ಮಲ್ಲಿ ಕಾರ್ಬ್ ಹೀಟ್ ಇಲ್ಲ, ಆದರೆ ಪಾಠ ಅದೇ: ಧೂಳಿನಲ್ಲಿ ನಿಂತು ಇಂಜಿನ್ ಅರಚಿಸಬಾರದು. ಈಗ ದೊಡ್ಡ ಟಾರ್ಪಾಲ್ ಹಾಸಿ, ಮುಂದೆ ಎರಡು ಕೊಡ ನೀರು ಚಿಮುಕಿಸಿ, ಅದರ ಮೇಲೆ ಸ್ಟಾರ್ಟ್ ಮಾಡುತ್ತೇವೆ.

ಇನ್ನೊಂದು, ಫಿಲ್ಟರಿನ ವಯಸ್ಸು. ಹಲವು ಸೆಸ್ನಾಗಳ ಪೇಪರ್ ಫಿಲ್ಟರನ್ನು 500 ಗಂಟೆಗೊಮ್ಮೆ ಬದಲಿಸಲೇಬೇಕು ಎಂದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಆದೇಶ ಇದೆ. ಹಳೆಯ ಫಿಲ್ಟರ್ ಹರಿದು ಇಂಜಿನ್ ಒಳಗೇ ಹೋದರೆ ಎಂಬ ಭಯ. ಫೋಮಿಗೆ ನಮ್ಮ ಊರಿನಲ್ಲಿ ಗಂಟೆ ಲೆಕ್ಕ ಬೇಡ, ಮಳೆಗಾಲದ ಲೆಕ್ಕ ಸಾಕು. ಗೆಳೆಯನ ಹಳೆಯ ಬೈಕಿನ ಫಿಲ್ಟರ್ ಫೋಮನ್ನು ನಾಲ್ಕು ತಿಂಗಳ ಮಳೆ ಕಳೆದು ಮುಟ್ಟಿ ನೋಡಿದ್ದೇನೆ. ಬೆರಳಿನಲ್ಲಿ ಹುಡಿಯಾಯಿತು. ತೇವಕ್ಕೆ ಪಾಲಿಯುರೆಥೇನ್ ಹಾಗೆಯೇ ಹೋಗುವುದು. ಜೂನ್ ಬಂದಾಗ ನನ್ನದನ್ನು ತೆಗೆದು ಬಿಸಾಡಿ, ಅಕ್ಟೋಬರಿನಲ್ಲಿ ಹೊಸತು ಕತ್ತರಿಸುತ್ತೇನೆ. ಅಂಗೈಯಗಲದ ತುಂಡು, ಎಷ್ಟು ಖರ್ಚು? ನಡುವೆ ತೊಳೆಯುವುದು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪು ನೀರು. ಪೆಟ್ರೋಲಿನಲ್ಲಿ ಬೇಡ.

ಪರೀಕ್ಷೆಗೆ ಪೆಟ್ಟಿಗೆಯ ಒಳಗೆ, ಕಾರ್ಬೊರೇಟರ್ ಬಾಯಿಯ ಪಕ್ಕ, ಬಿಳಿ ಗ್ರೀಸ್ ಒಂದು ಚುಕ್ಕಿ ಇಟ್ಟಿದ್ದೆ. ಹನ್ನೆರಡು ಹಾರಾಟ ಆದ ಮೇಲೆ ಕಳೆದ ವಾರ ಬಿಚ್ಚಿದೆ. ಫೋಮಿನ ಹೊರಮೈ ಇಟ್ಟಿಗೆ ಬಣ್ಣ, ಅಡ್ಡ ಕತ್ತರಿಸಿ ನೋಡಿದರೆ ಕೆಂಪು ಮೂರನೇ ಒಂದು ಭಾಗದವರೆಗೆ ಮಾತ್ರ ಇಳಿದಿತ್ತು. ಗ್ರೀಸ್ ಬಿಳಿಯೇ ಇದೆ. ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಒಂದು ಕೆಂಪು ಗೆರೆ ಕಂಡಿತು, ಅಲ್ಲಿ ಪೆಟ್ಟಿಗೆಯ ಅಂಚು ಸ್ವಲ್ಪ ಸೊಟ್ಟ. ಮರಳು ಕಾಗದ ಉಜ್ಜಿ ಸಮ ಮಾಡಿ ಮತ್ತೆ ಗ್ರೀಸ್ ಹಚ್ಚಿದ್ದೇನೆ.

ಚೋಕಿನ ಕಡ್ಡಿ ಈಗ ಪೆಟ್ಟಿಗೆಯ ಹಿಂದೆ ಅಡಗಿಬಿಟ್ಟಿದೆ, ಕೈ ಹೋಗುವುದಿಲ್ಲ. ಸದ್ಯಕ್ಕೆ ಉದ್ದ ಸ್ಕ್ರೂಡ್ರೈವರಿನಲ್ಲಿ ತಳ್ಳುತ್ತಿದ್ದೇನೆ. ಸೈಕಲ್ ಬ್ರೇಕಿನ ಕೇಬಲ್ ಒಂದು ತಂದಿಟ್ಟಿದ್ದೇನೆ, ಮುಂದಿನ ಭಾನುವಾರ ಅದನ್ನು ಕೌಲಿಂಗಿನ ಹೊರಗೆ ಎಳೆಯಬೇಕು. ಅದಕ್ಕೂ ಮೊದಲು ಪೇಟೆಗೆ ಹೋಗಿ ಚಾ ಜಾಲರಿ ತರಬೇಕು, ಎರಡು.